ತಾಲ್ಲೂಕು ಕೂಟದಲ್ಲಿ ನಾಲ್ಕನೆಯವನು

ಪಿ.ಟಿ. ಉಷಾ ಅವರಲ್ಲಿ ಮೊದಲ ನೋಟಕ್ಕೇ ತನ್ನ ಗಮನ ಸೆಳೆದದ್ದು ತೆಳ್ಳನೆಯ ಮೈಕಟ್ಟು ಮತ್ತು ಬಿರುಸಿನ ನಡಿಗೆ ಎಂದು ಕೋಚ್ ಒ.ಎಂ. ನಂಬಿಯಾರ್ ಹೇಳಿಕೊಂಡಿದ್ದರು. ಅದೂ ಬಹುಮಾನ ವಿತರಣೆಯ ಸಂದರ್ಭದಲ್ಲಿ, ಸ್ಟಾಪ್‌ವಾಚ್‌ಗೆ ಕೆಲಸವೇ ಇಲ್ಲದ ಹೊತ್ತಿನಲ್ಲಿ. ಅದಕ್ಕೂ ಹಿಂದೆ, ಉಷಾ ನಾಲ್ಕನೆಯ ತರಗತಿಯಲ್ಲಿದ್ದಾಗ, ಅವರ ಶಾಲೆಯ ಡ್ರಿಲ್ ಮಾಸ್ತರು ಒಂದು ವರ್ಷ ಮುಂದಿದ್ದ ಜಿಲ್ಲಾ ಚಾಂಪಿಯನ್ ಜೊತೆ ಅವರನ್ನು ಓಡಿಸಿ ನೋಡಿದ್ದರು. ಗೆದ್ದದ್ದು ಚಿಕ್ಕವಳು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಕಥೆ ಎಲ್ಲರಿಗೂ ಬಾಯಿಪಾಠವಾಗಿದೆ. ನನಗೆ ಕುತೂಹಲವಿರುವುದು ಆ ಡ್ರಿಲ್ ಮಾಸ್ತರರ ಬಗ್ಗೆ. ಅಷ್ಟು ಮಕ್ಕಳ ನಡುವೆ ಅವಳನ್ನೇ ಯಾಕೆ ಎಬ್ಬಿಸಿ ನಿಲ್ಲಿಸಿದರು?

ಮಳೆಗಾಲ ಹಿಂದಾಗುವ ಹೊತ್ತಿಗೆ ನಮ್ಮಲ್ಲಿ ಶಾಲಾ ಕ್ರೀಡಾಕೂಟಗಳು ಶುರುವಾಗುತ್ತವೆ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಕೆಲವರು ಸಂಗೀತ ಕಛೇರಿ ಹುಡುಕಿಕೊಂಡು ಹೋಗುವ ಹಾಗೆ ನಾನು ತಾಲ್ಲೂಕು ಕೂಟಗಳಿಗೆ ಹೋಗುತ್ತೇನೆ. ಹದಿನಾಲ್ಕರ ಒಳಗಿನ ಹುಡುಗರ ನೂರು ಮೀಟರ್ ಫೈನಲ್ ಎಂದರೆ ಸಾಮಾನ್ಯವಾಗಿ ಇಷ್ಟೇ: ಸುಣ್ಣದ ಗೆರೆಯ ಮೇಲೆ ಎಂಟು ಮಂದಿ, ಅದರಲ್ಲಿ ಒಬ್ಬನಿಗೆ ಚಿಗುರುಮೀಸೆ. ಅವನೇ ಗೆಲ್ಲುತ್ತಾನೆ. ಗುಂಡು ಎಸೆತದಲ್ಲೂ ಅವನೇ, ಉದ್ದಜಿಗಿತದಲ್ಲೂ ಅವನೇ. ವೈಯಕ್ತಿಕ ಚಾಂಪಿಯನ್ ಕಪ್ ಹಿಡಿದು ಮಾಸ್ತರರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾನೆ. ನಾಲ್ಕನೆಯವನಾಗಿ ಬಂದ ಪೀಚಲು ಹುಡುಗ ಚೀಲ ಹೆಗಲಿಗೇರಿಸಿ ಬಸ್ಸು ಹತ್ತುತ್ತಾನೆ.

ಹುಡುಗಿಯರು ಹನ್ನೆರಡರ ಆಸುಪಾಸಿನಲ್ಲಿ, ಹುಡುಗರು ಹದಿನಾಲ್ಕರ ಆಸುಪಾಸಿನಲ್ಲಿ ದಿಢೀರನೆ ಎತ್ತರವಾಗುತ್ತಾರೆ. ಇದು ಸರಾಸರಿ ಲೆಕ್ಕ. ಒಂದೇ ಬೆಂಚಿನಲ್ಲಿ ಕೂತ ಇಬ್ಬರ ಮೈ ಬೆಳವಣಿಗೆಯ ನಡುವೆ ಎರಡು ಮೂರು ವರ್ಷದ ಅಂತರ ಇರುವುದು ಮಾಮೂಲು. ಬೇಗ ಬಲಿತವನು ಹದಿಮೂರರಲ್ಲಿ ತನ್ನ ಗಾತ್ರದಿಂದಲೇ ಗೆಲ್ಲುತ್ತಾನೆ. ತಂತ್ರ ಕಲಿಯುವ ಅಗತ್ಯವೇ ಅವನಿಗೆ ಬೀಳುವುದಿಲ್ಲ. ಹದಿನೇಳಕ್ಕೆ ಉಳಿದವರು ಅವನಷ್ಟೇ ಆದಾಗ ಅವನಿಗೆ ಆಟ ಬೇಸರ ಬರುತ್ತದೆ. ಪೀಚಲು ಹುಡುಗ ಅಷ್ಟರಲ್ಲಿ ಮೈದಾನವನ್ನೇ ಬಿಟ್ಟಿರುತ್ತಾನೆ. ಒಂದೇ ರೇಸಿನಲ್ಲಿ ಇಬ್ಬರನ್ನು ಕಳೆದುಕೊಳ್ಳುವ ಕೌಶಲ ನಮ್ಮದು.

ಇನ್ನು ಜನ್ಮದಿನಾಂಕದ ಮಾತು. ಹಳ್ಳಿಯ ಶಾಲೆಗಳ ದಾಖಲಾತಿ ಪುಸ್ತಕ ತೆರೆದು ನೋಡಿದವರಿಗೆ ಜೂನ್ ಒಂದನೇ ತಾರೀಖಿನ ಮಹಿಮೆ ಗೊತ್ತು. ಮುಖ್ಯೋಪಾಧ್ಯಾಯರು ಬರೆದದ್ದೇ ಹುಟ್ಟಿದ ದಿನ ಎಂಬ ಕಾಲವೊಂದಿತ್ತು. ಈಗ ಜನನ ಪ್ರಮಾಣಪತ್ರ ಬಂದು ಆ ಗೊಂದಲ ತಗ್ಗಿದೆ, ಆದರೂ ಹದಿನಾಲ್ಕರ ಒಳಗಿನವರ ಕೂಟದಲ್ಲಿ ಹದಿನಾರರ ಗಂಟಲು ಕೇಳಿಸುವುದು ನಿಂತಿಲ್ಲ. ಕ್ರಿಕೆಟ್ ಮಂಡಳಿ ಇದಕ್ಕಾಗಿಯೇ ಕಿರಿಯರ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತದೆ. ಸರ್ಕಾರಿ ಶಾಲೆಗೆ ಎಕ್ಸ್‌ರೇ ಎಲ್ಲಿಂದ ಬರಬೇಕು? ಆದರೆ ಗೋಡೆ ಇದೆ, ಸೀಮೆಸುಣ್ಣ ಇದೆ. ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಗೆರೆ ಎಳೆದರೆ ಯಾರು ಬೆಳೆದು ಮುಗಿಸುತ್ತಿದ್ದಾರೆ, ಯಾರ ಬೆಳವಣಿಗೆ ಇನ್ನೂ ಶುರುವಾಗಿಲ್ಲ ಎಂಬುದು ಕಾಣಿಸುತ್ತದೆ. ಇನ್ನೊಂದು ಸೂಕ್ಷ್ಮವೂ ಹಿಡಿಗೆ ಸಿಗುತ್ತದೆ. ಎತ್ತರಕ್ಕೆ ಏರುವ ತಿಂಗಳುಗಳಲ್ಲಿ ಕೆಲವು ಮಕ್ಕಳ ಕೈಕಾಲು ಹಿಡಿತ ತಪ್ಪುತ್ತದೆ. ನಿನ್ನೆ ಚೆನ್ನಾಗಿ ಜಿಗಿಯುತ್ತಿದ್ದವಳು ಇವತ್ತು ಮುಗ್ಗರಿಸುತ್ತಾಳೆ. ಆಸಕ್ತಿ ಹೋಯಿತು ಎಂದು ತಂಡದಿಂದ ಬಿಡುವುದು ಸರಿಯಾಗಿ ಆಗಲೇ.

ಹಾಗಾದರೆ ನೋಡಬೇಕಾದ್ದು ಏನು? ನನ್ನ ಮಟ್ಟಿಗೆ ಖೋ-ಖೋ ಅಂಕಣಕ್ಕಿಂತ ಒಳ್ಳೆಯ ಕನ್ನಡಿ ಇಲ್ಲ. ಬೆನ್ನಟ್ಟುವವಳು ಒಮ್ಮೆ ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ, ಕೂತವರ ನಡುವೆ ನುಸುಳುವಂತಿಲ್ಲ. ಕಂಬ ಸುತ್ತಿಯೇ ಆಚೆ ಬದಿಗೆ ಹೋಗಬೇಕು. ಓಡುವವಳಿಗೆ ಆ ಕಟ್ಟುಪಾಡಿಲ್ಲ. ಹಾಗಾಗಿ ಬರೀ ವೇಗ ಇಲ್ಲಿ ಅರ್ಧ ಕೆಲಸಕ್ಕೂ ಬಾರದು. ಖೋ ಯಾರಿಗೆ ಸಿಗಲಿದೆ ಎಂಬುದನ್ನು ಬೆನ್ನಟ್ಟುವವಳ ಭುಜ ವಾಲಿದ್ದರಲ್ಲೇ ಓದಿ ಮೊದಲೇ ಜಾಗ ಬಿಟ್ಟಿರುವ ಹುಡುಗಿ ಪ್ರತಿ ಶಾಲೆಯಲ್ಲೂ ಒಬ್ಬಳಿರುತ್ತಾಳೆ. ನೂರು ಮೀಟರಿನಲ್ಲಿ ಅವಳು ಐದನೆಯವಳು. ಅವಳ ಪಾದದ ಸದ್ದು ಕೇಳಿ: ಹಗುರ, ಚುರುಕು, ಹಿಮ್ಮಡಿ ನೆಲಕ್ಕೆ ಬಡಿಯುವುದೇ ಇಲ್ಲ. ಔಟಾದ ಮೇಲೆ ಹೊರಗೆ ಕೂತು ಹರಟುತ್ತಾಳೋ, ಆಟವನ್ನೇ ನೋಡುತ್ತಾಳೋ ಗಮನಿಸಿ. ಹೇಳಿಕೊಟ್ಟ ಪೋಲ್ ಡೈವ್, ಅಂದರೆ ಕಂಬ ಹಿಡಿದು ಮೈಚಾಚುವ ಪಟ್ಟು, ಎರಡನೆಯ ಸಲಕ್ಕೆ ಎಷ್ಟು ತಿದ್ದಿಕೊಂಡಿತು ಎಂಬುದನ್ನು ನೋಡಿ. ಮೊದಲ ಸಲ ಹೇಗೆ ಮಾಡಿದಳು ಎಂಬುದು ಅಷ್ಟು ಮುಖ್ಯವಲ್ಲ.

ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರು. ಅಂಥ ಊರಿನಲ್ಲಿ ಆಡುವ ಮಗುವನ್ನು ಮೊದಲು ಕಾಣಬೇಕಾದದ್ದು ಶಾಲೆಯವರೇ. ಬೆಂಗಳೂರಿನ ಆಯ್ಕೆ ಸಮಿತಿ ಬಹಳ ತಡವಾಗಿ ಬರುತ್ತದೆ.

ಬಂದಾಗಲೂ ಆರಿಸುವವರ ಕಣ್ಣು ಎಲ್ಲೆಲ್ಲೋ ಹೋಗುತ್ತದೆ. 1980ರ ದಶಕದ ಕೊನೆಗೆ ಕ್ರೀಡಾ ಪ್ರಾಧಿಕಾರ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ವಿಶೇಷ ಯೋಜನೆಗೆ ಆರಿಸಿತು. ಪೂರ್ವಿಕರು ಆಫ್ರಿಕಾದವರು, ಆದ್ದರಿಂದ ಇವರು ಓಡಿಯೇ ಓಡುತ್ತಾರೆ ಎಂಬುದು ಅದರ ಹಿಂದಿನ ತರ್ಕ. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ವಂಶವನ್ನು ನೋಡಿದರೇ ಹೊರತು ಮಗುವನ್ನು ನೋಡಿ ಅದರ ಜೊತೆ ಹತ್ತು ವರ್ಷ ನಿಲ್ಲುವ ತಾಳ್ಮೆ ಯಾರಿಗೂ ಇರಲಿಲ್ಲ. 2020ರಲ್ಲಿ ಕಂಬಳದ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರ್ ಕೆಸರಿನ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ಅದನ್ನು ನೂರು ಮೀಟರಿಗೆ ಭಾಗಿಸಿ ಬೋಲ್ಟ್‌ನ ದಾಖಲೆ ಮುರಿಸಿದೆವು. ಮುಂದೆ ಎಳೆಯುತ್ತಿದ್ದ ಎರಡು ಕೋಣಗಳನ್ನು ಲೆಕ್ಕಕ್ಕೇ ಹಿಡಿಯಲಿಲ್ಲ! ದೆಹಲಿಯಿಂದ ಟ್ರಯಲ್ಸ್‌ಗೆ ಕರೆ ಬಂತು, ಗೌಡರು ಹೋಗಲಿಲ್ಲ. ಆ ಇಡೀ ಗದ್ದಲದಲ್ಲಿ ಕ್ರೀಡಾಜ್ಞಾನ ತೋರಿಸಿದವರು ಅವರೊಬ್ಬರೇ.

ನೀರಜ್ ಚೋಪ್ರಾ ಪಾಣಿಪತ್‌ನ ಮೈದಾನಕ್ಕೆ ಬಂದದ್ದು ದಪ್ಪಗಿದ್ದಾನೆ, ತೂಕ ಇಳಿಸಲಿ ಎಂದು ಮನೆಯವರು ಕಳಿಸಿದ್ದರಿಂದ. ಶಟಲ್ ಓಟ, 800 ಮೀಟರ್ ಇಟ್ಟು ಆರಿಸುವ ಯಾವ ಕ್ರೀಡಾ ಹಾಸ್ಟೆಲ್ಲೂ ಆ ಹುಡುಗನನ್ನು ಒಳಗೆ ಬಿಟ್ಟುಕೊಳ್ಳುತ್ತಿತ್ತು ಎಂದು ನನಗನ್ನಿಸುವುದಿಲ್ಲ. ಅಲ್ಲೇ ಜಾವೆಲಿನ್ ಅಭ್ಯಾಸ ಮಾಡುತ್ತಿದ್ದ ಹಿರಿಯ ಹುಡುಗ ಜೈವೀರ್ ಅವನ ಕೈಯ ಚಳಕ ಗುರುತಿಸಿದ.

ದೈಹಿಕ ಶಿಕ್ಷಕರನ್ನು ದೂರಲು ನನಗೆ ಮನಸ್ಸಿಲ್ಲ. ಬೆಳಗಿನ ಪ್ರಾರ್ಥನೆ, ಬಿಸಿಯೂಟದ ಸಾಲು, ಆಗಸ್ಟ್ ಹದಿನೈದರ ಪರೇಡು ಎಲ್ಲವೂ ಅವರದೇ ತಲೆಗೆ. ಪರೀಕ್ಷೆ ಹತ್ತಿರ ಬಂತೆಂದರೆ ಆಟದ ಪಿರಿಯಡ್ ಗಣಿತದ ಮೇಷ್ಟರ ಪಾಲು. ವರ್ಷದ ಕೊನೆಗೆ ಇಲಾಖೆ ಕೇಳುವುದು ಎಷ್ಟು ಮಂದಿ ಜಿಲ್ಲೆಗೆ ಹೋದರು ಎಂಬ ಒಂದೇ ಪ್ರಶ್ನೆ. ಚಿಗುರುಮೀಸೆಯವನನ್ನು ಕಳಿಸದೆ ಅವರಾದರೂ ಏನು ಮಾಡಿಯಾರು?

ಆದರೂ ಒಂದು ವಿನಂತಿ. ಪ್ರಮಾಣಪತ್ರಗಳ ಕಡತದ ಜೊತೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇಡಿ. ಪ್ರತಿ ಮಗುವಿನ ಎತ್ತರ, ಅಳೆದ ದಿನ, ಹೊಸತನ್ನು ಎಷ್ಟು ಬೇಗ ಕಲಿಯಿತು, ಊಟದ ಬಿಡುವಿನಲ್ಲಿ ಏನು ಆಡುತ್ತದೆ, ಇಷ್ಟು ಸಾಕು. ಏಳನೆಯ ತರಗತಿ ಮುಗಿಸಿ ಆ ಮಗು ಪಕ್ಕದೂರಿನ ಹೈಸ್ಕೂಲಿಗೆ ಹೋಗುವಾಗ ಆ ಪುಟದ ನಕಲನ್ನು ಟಿ.ಸಿ. ಜೊತೆ ಪಿನ್ ಮಾಡಿ ಅಲ್ಲಿಯ ಮಾಸ್ತರರಿಗೆ ಕಳಿಸಿಕೊಡಿ.