ಪರದೆಯ ಹಿಂದಣ ದನಿ

2025ರ ಗಣರಾಜ್ಯೋತ್ಸವದ ಮುನ್ನಾದಿನ ಪ್ರಕಟವಾದ ಪದ್ಮಶ್ರೀ ಪುರಸ್ಕೃತರ ಪಟ್ಟಿಯಲ್ಲಿ ಕೊಪ್ಪಳ ತಾಲೂಕಿನ ಮೋರನಾಳ ಗ್ರಾಮದ ಶ್ರೀಮತಿ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೆಕ್ಯಾತರ ಅವರ ಹೆಸರಿದ್ದುದು ನಾಡಿಗೆಲ್ಲ ಸಂತೋಷದ ಸಂಗತಿ. ಆಗ ಆ ತಾಯಿಗೆ 96 ವರ್ಷ. ಏಳು ದಶಕಗಳಿಗೂ ಮಿಕ್ಕ ಕಾಲ ತೊಗಲುಗೊಂಬೆಯಾಟದ ಮೂಲಕ ರಾಮಾಯಣ, ಮಹಾಭಾರತಗಳ ಪ್ರಸಂಗಗಳನ್ನು ಜನತೆಗೆ ಉಣಬಡಿಸಿದವರು ಅವರು. ಅಮೆರಿಕ, ಫ್ರಾನ್ಸ್, ಇಟಲಿ, ಇರಾನ್ ಮೊದಲಾಗಿ ಹನ್ನೆರಡಕ್ಕೂ ಹೆಚ್ಚು ದೇಶಗಳಲ್ಲಿ ಅವರ ಗೊಂಬೆಗಳು ಕುಣಿದಿವೆ.

ಈ ಸಂದರ್ಭದಲ್ಲಿ ಬಂದ ಬರಹಗಳನ್ನು ಆಸಕ್ತಿಯಿಂದ ಓದಿದೆನು. ಬಹುತೇಕ ಎಲ್ಲದರಲ್ಲಿಯೂ ಎರಡೇ ಮಾತು: ವಯಸ್ಸೆಷ್ಟು, ಸುತ್ತಿದ ದೇಶಗಳೆಷ್ಟು. ಇವು ಅಭಿಮಾನದ ವಿಷಯಗಳೇ ಸರಿ; ಆದರೆ ಕಲೆಯ ಅಳತೆಗೋಲುಗಳಲ್ಲ. ಒಬ್ಬ ಕವಿಯನ್ನು ಕುರಿತು ಬರೆಯುವಾಗ ಆತನ ಕಾವ್ಯವನ್ನು ಬಿಟ್ಟು ಆತನ ಪ್ರವಾಸವನ್ನು ಮಾತ್ರ ವರ್ಣಿಸಿದರೆ ಅದನ್ನು ನಾವು ವಿಮರ್ಶೆಯೆನ್ನುವೆವೆ?

ತೊಗಲುಗೊಂಬೆಯಾಟದಲ್ಲಿ ಕಣ್ಣಿಗೆ ಕಾಣುವುದು ಹದಗೊಳಿಸಿದ ಆಡಿನ ತೊಗಲು, ಅದರ ಮೇಲಣ ಬಣ್ಣ, ಹಿಂದಿನಿಂದ ಬೀಳುವ ದೀಪದ ಬೆಳಕು. ಆದರೆ ಇರುಳೆಲ್ಲ ಆಟವನ್ನು ಹೊತ್ತು ನಿಲ್ಲುವುದು ಹಾಡು. ಮದ್ದಳೆ, ತಾಳಗಳ ಜೊತೆಗೆ ಪರದೆಯ ಹಿಂದೆ ಕುಳಿತ ಒಂದೇ ಕುಟುಂಬದವರು ಕಥೆ ನಡೆಸುತ್ತಾರೆ. ಸೀತೆ, ಮಂಡೋದರಿ, ದ್ರೌಪದಿಯರ ಮಾತು ಮನೆಯ ಹೆಣ್ಣುಮಕ್ಕಳ ಕೊರಳಿನಿಂದ ಹೊಮ್ಮುತ್ತದೆ. ನಡುನಡುವೆ ಕಿಳ್ಳೇಕ್ಯಾತ, ಬಂಗಾರಕ್ಕರು ಬಂದು ಊರಿನ ಆಡುಮಾತಿನಲ್ಲಿ ನಗಿಸಿ ಹೋಗುತ್ತಾರೆ. ಪ್ರೇಕ್ಷಕರಿಗೆ ಹಾಡುವವಳ ಮುಖ ಕಾಣದು. ಈ ಮರೆಯೇ ಅವಳು ಮರೆತುಹೋಗುವುದಕ್ಕೂ ಕಾರಣವಾಯಿತೆಂದು ತೋರುತ್ತದೆ.

ಮತ್ತೊಂದು ಅಂಶ ವಿಶೇಷವಾಗಿ ವಿಚಾರಾರ್ಹವಾದುದು. ಶಿಳ್ಳೆಕ್ಯಾತರ ಮನೆಮಾತು ಮರಾಠಿಗೆ ಹತ್ತಿರವಾದ ಒಂದು ಆಡುನುಡಿ. ಅವರ ಆಟವೆಲ್ಲ ಕನ್ನಡ. ಕನ್ನಡದ ತಿರುಳ್ನಾಡನ್ನು ಗುರುತಿಸುವಾಗ ಕವಿರಾಜಮಾರ್ಗವು ಕೊಪಣವನ್ನು ಹೆಸರಿಸಿದೆಯಷ್ಟೆ. ಅದೇ ಕೊಪಣದ ನೆಲದಲ್ಲಿ, ಗಂಗಾವತಿಯ ಬಳಿಯ ಆನೆಗೊಂದಿಯನ್ನು ಕಿಷ್ಕಿಂಧೆಯೆಂದು ನಂಬಿದ ಜನರ ನಡುವೆ, ಅಕ್ಷರವರಿಯದವರಿಗೆ ಕನ್ನಡದಲ್ಲಿ ರಾಮಾಯಣವನ್ನು ತಲುಪಿಸಿದವರು ಮನೆಯಲ್ಲಿ ಬೇರೆ ನುಡಿಯಾಡುವ ಈ ಜನ. ನಮ್ಮ ಸಾಹಿತ್ಯಚರಿತ್ರೆಯಲ್ಲಿ ಈ ಋಣಕ್ಕೆ ಎಷ್ಟು ಪುಟಗಳು ಮೀಸಲಾಗಿವೆ?

ನನ್ನ ಬಾಲ್ಯದ ನೆನಪೊಂದನ್ನು ಇಲ್ಲಿ ಹೇಳಬೇಕು. ಯಲಬುರ್ಗಾ ತಾಲೂಕಿನ ನಮ್ಮೂರಿನಲ್ಲಿ ಮಳೆ ಕೈಕೊಟ್ಟ ವರ್ಷ ಹಿರಿಯರು ಗೊಂಬೆಯಾಟ ಆಡಿಸುತ್ತಿದ್ದರು. ಆಟವಾದರೆ ಮಳೆಯಾದೀತೆಂಬುದು ನಂಬಿಕೆ. ಬೆಳಗಿನವರೆಗೆ ಹಾಡಿದ ಹೆಣ್ಣುಮಗಳು ಮರುದಿನ ಮನೆಮನೆಯ ಮುಂದೆ ಬಂದು ನಿಂತಾಗ ನಮ್ಮವ್ವ ಮೊರದಲ್ಲಿ ಜೋಳ ತಂದು ಸುರಿಯುತ್ತಿದ್ದಳು. ಅದಕ್ಕೆ ನಾವು ‘ಭಿಕ್ಷೆ’ ಎನ್ನುತ್ತಿದ್ದೆವು. ಆ ಮಾತಿನಲ್ಲಿ ತಪ್ಪಿದೆಯೆಂದು ನನಗೆ ಹೊಳೆಯಲು ವಚನಗಳನ್ನು ಓದಿ, ಮಕ್ಕಳಿಗೆ ಪಾಠ ಹೇಳಿ, ತಲೆ ನರೆಯಬೇಕಾಯಿತು.

ವೇಷ ಧರಿಸಿ ಜನರನ್ನು ರಂಜಿಸುವುದನ್ನೇ ಕಾಯಕವಾಗಿ ಮಾಡಿಕೊಂಡ ಬಹುರೂಪಿ ಚೌಡಯ್ಯನನ್ನು ಕಲ್ಯಾಣದ ಶರಣರು ಬೇಡುವವನೆಂದು ಕಾಣಲಿಲ್ಲ, ತಮ್ಮವನೆಂದು ಕಂಡರು. ಕುಷ್ಟಗಿಗೆ ನೆರೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಹೋದ ಆಯ್ದಕ್ಕಿ ಲಕ್ಕಮ್ಮನು, ಪತಿಯು ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಹೇಳಿದ ಕಥೆ ಪ್ರಸಿದ್ಧವಾದುದು. ಕಾಯಕದ ಫಲಕ್ಕೊಂದು ಅಳತೆಯುಂಟೆಂಬುದು ಅದರ ತಾತ್ಪರ್ಯ. ಅಳತೆ ಮೀರಿ ಪಡೆಯುವುದು ದೋಷವಾದರೆ, ದುಡಿದವರಿಗೆ ಅಳತೆಗಿಂತ ಕಡಿಮೆ ಕೊಟ್ಟು ಅದನ್ನು ದಾನವೆಂದು ಕರೆಯುವುದೂ ದೋಷವೇ ಅಲ್ಲವೆ? ಇರುಳೆಲ್ಲ ಹಾಡಿದವರಿಗೆ ಸಂದ ಮೊರದಷ್ಟು ಜೋಳವು ಸಂಭಾವನೆಯಾಗಿತ್ತು. ಅದೂ ಸಾಲದೆ ಈ ಸಮುದಾಯದವರು ಕೆರೆ ಹೊಳೆಗಳಲ್ಲಿ ಮೀನು ಹಿಡಿದು ಬದುಕಿದರು.

ನಮ್ಮವರಾರೂ ಕಣ್ಣು ತೆರೆಯಲಿಲ್ಲವೆಂದರೆ ಅನ್ಯಾಯವಾದೀತು. ಎಂ. ಎಸ್. ನಂಜುಂಡರಾಯರು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಹಳೆಯ ತೊಗಲುಗೊಂಬೆಗಳನ್ನು ಸಂಗ್ರಹಿಸಿ ಕಾಪಾಡಿದ ಉಪಕಾರ ದೊಡ್ಡದು. ಜರ್ಮನಿಯ ಸೆಲ್ಟ್‌ಮನ್ ಎಂಬ ವಿದ್ವಾಂಸರು 1971ರಲ್ಲಿಯೇ ಮೈಸೂರು ಮತ್ತು ಆಂಧ್ರದ ನೆರಳಾಟಗಳನ್ನು ಕುರಿತು ದೀರ್ಘ ಲೇಖನ ಬರೆದರು. ಆದರೆ ಗೋಡೆಗೆ ತೂಗಿದ ಗೊಂಬೆ ಹಾಡಲಾರದು. ಪರದೇಶದ ಪ್ರೇಕ್ಷಕರು ಭಾಷೆಯರಿಯದೆ ಬಣ್ಣಕ್ಕೂ ಚಲನೆಗೂ ಮೆಚ್ಚಿದರೆ ಅವರನ್ನು ದೂರುವಂತಿಲ್ಲ. ಹಾಡನ್ನು ಅರ್ಥಮಾಡಿಕೊಂಡು ಬೆಲೆಗಟ್ಟಬೇಕಾದವರು ಕನ್ನಡ ಬಲ್ಲ ನಾವು. ಆ ಕೆಲಸವನ್ನು ನಾವು ಅವರಿಗೆ ಒಪ್ಪಿಸಿ ಕೈತೊಳೆದುಕೊಂಡೆವು.

ಪದ್ಮ ಪ್ರಶಸ್ತಿಗಳ ಜೊತೆಗೆ ಹಣವಿರುವುದಿಲ್ಲ, ಅದು ಗೌರವ. ಗೌರವ ದೊರೆತ ಮೇಲೆ ಜೀವನೋಪಾಯದ ಪ್ರಶ್ನೆ ತೀರಿತೆಂದು ತಿಳಿಯಲಾಗದು. ನಮ್ಮ ಸಾಹಿತ್ಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಗೊಂಬೆಯಾಟದ ಮನೆಗಳಿಗೆ ಹೋಗಿರಿ. ಪದಗಳನ್ನು ಧಾಟಿಸಹಿತ ಧ್ವನಿಮುದ್ರಿಸಿ, ಹಾಡಿದವರ ಹೆಸರನ್ನು ಬರೆದಿಟ್ಟು, ಪಾಠಭೇದಗಳನ್ನು ಗುರುತಿಸಿರಿ. ಹಳೆಯ ತಾಡೋಲೆಗೆ ತೋರುವ ಶ್ರದ್ಧೆಯನ್ನೇ ಆ ಕೊರಳಿಗೂ ತೋರಿರಿ. ಹೊರಡುವಾಗ ಹಾಡಿದ ಹೊತ್ತಿನ ಸಂಭಾವನೆಯನ್ನು ಲೆಕ್ಕಮಾಡಿ ಅವರ ಕೈಗೆ ಒಪ್ಪಿಸಿರಿ; ಅದನ್ನು ಕೊಡುವಾಗ ಸಹಾಯವೆಂಬ ಮಾತನ್ನು ಮಾತ್ರ ಆಡದಿರಿ.