ವಿದ್ಯುತ್ತು ಯಾತಕ್ಕೆ ಬೇಕು? – ಒಂದು ಹಳೆಯ ಪ್ರಬಂಧದ ಮರುಓದು

ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ ಅಥವಾ ವಿಜಯನಗರದಲ್ಲಿ ಮೂರಂತಸ್ತಿನ ಮನೆಯೊಂದರ ತಾರಸಿ ಹತ್ತಿ ಸುತ್ತ ನೋಡಿ. ಕಪ್ಪು ನೀರಿನ ತೊಟ್ಟಿಗಳ ನಡುವೆ ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿ ನಿಂತ ಗಾಜಿನ ಪೆಟ್ಟಿಗೆಗಳು ಮತ್ತು ಗಾಜಿನ ಕೊಳವೆಗಳ ಸಾಲುಗಳು ಕಾಣುತ್ತವೆ. ಇವು ಸೌರ ಜಲತಾಪಕಗಳು. ವಿದ್ಯುತ್ ಉತ್ಪಾದಿಸುವ ಸೌರಫಲಕಗಳನ್ನು ಮಾತ್ರ ಹುಡುಕಿ ನೋಡಬೇಕು. ಎರಡಕ್ಕೂ ಬೀಳುವುದು ಒಂದೇ ಬಿಸಿಲು, ಸಿಗುವುದು ಒಂದೇ ತಾರಸಿ. ಆದರೂ ಈ ಅಂತರ ಏಕೆ? ಈ ಪ್ರಶ್ನೆ ನನ್ನನ್ನು 1991ರ ಒಂದು ಪ್ರಬಂಧಕ್ಕೆ ಹಿಂದಿರುಗಿಸಿತು. ಇಂದು ಮರುಬಳಕೆಯ ಶಕ್ತಿಗಾಗಿಯೂ ವಿದ್ಯುತ್ ಕಂಪನಿಗಳ ಉತ್ತರದಾಯಿತ್ವಕ್ಕಾಗಿಯೂ ದನಿಯೆತ್ತುವ ನಾಗರಿಕರು ಇದನ್ನು ಓದಬೇಕು, ಆದರೆ ವಿಮರ್ಶೆಯ ಕಣ್ಣಿನಿಂದ ಓದಬೇಕು ಎಂಬುದು ನನ್ನ ಅಭಿಪ್ರಾಯ.

ಪ್ರಬಂಧದ ಹಿನ್ನೆಲೆ ಹೀಗಿದೆ. 1987ರಲ್ಲಿ ಕರ್ನಾಟಕ ಸರ್ಕಾರದ ಸಮಿತಿಯೊಂದು ವಿದ್ಯುತ್ ಯೋಜನೆಗಳ ದೀರ್ಘಾವಧಿ ನಕ್ಷೆಯನ್ನು ಸಿದ್ಧಪಡಿಸಿತು. ಕ್ರಿ.ಶ. 2000ದ ಹೊತ್ತಿಗೆ ರಾಜ್ಯಕ್ಕೆ ವರ್ಷಕ್ಕೆ ಸುಮಾರು 47,500 ದಶಲಕ್ಷ ಯೂನಿಟ್ ವಿದ್ಯುತ್ತು ಮತ್ತು ಸುಮಾರು 9,400 ಮೆಗಾವಾಟ್ ಸಾಮರ್ಥ್ಯ ಬೇಕಾಗುತ್ತದೆ ಎಂಬುದು ಅದರ ಮುನ್ನಂದಾಜು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿ ಮತ್ತು ಅವರ ಸಹೋದ್ಯೋಗಿಗಳು ಈ ಅಂದಾಜನ್ನು ಪ್ರಶ್ನಿಸಿದರು. ರೆಡ್ಡಿಯವರು ವಿದ್ಯುತ್ ರಸಾಯನವಿಜ್ಞಾನಿ. ಬೋಕ್ರಿಸ್ ಅವರ ಜೊತೆ ಬರೆದ ಪಠ್ಯಗ್ರಂಥದಿಂದ ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಅವರು ಪರಿಚಿತರು. 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಕೇಂದ್ರವನ್ನು ಆರಂಭಿಸಿದವರೂ ಅವರೇ. ಅವರ ತಂಡದ ಪರ್ಯಾಯ ಲೆಕ್ಕ 1991ರ ಏಪ್ರಿಲ್‌ನಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಎರಡು ಕಂತುಗಳಲ್ಲಿ ಪ್ರಕಟವಾಯಿತು. ಈ ವಿಧಾನಕ್ಕೆ ‘ಡಿಫೆಂಡಸ್’ ಎಂಬ ಹೆಸರು ಬಂತು.

ಸಮಿತಿಯ ವಿಧಾನ ಸರಳ. ಈವರೆಗೆ ಬೇಡಿಕೆ ಯಾವ ದರದಲ್ಲಿ ಏರಿತೋ ಅದೇ ಗತಿಯನ್ನು ಮುಂದಕ್ಕೆ ಎಳೆಯುವುದು. ಬಂದ ಸಂಖ್ಯೆಗೆ ತಕ್ಕಷ್ಟು ಅಣೆಕಟ್ಟು, ಕಲ್ಲಿದ್ದಲು ಸ್ಥಾವರ, ಪರಮಾಣು ಸ್ಥಾವರಗಳನ್ನು ಹೊಂದಿಸುವುದು. ರೆಡ್ಡಿಯವರ ತಂಡ ಇನ್ನೊಂದು ತುದಿಯಿಂದ ಹೊರಟಿತು. ಯಾರಿಗೂ ವಿದ್ಯುತ್ತೇ ಬೇಕಾಗಿಲ್ಲ. ಬೇಕಾಗಿರುವುದು ಬೆಳಕು, ಬಿಸಿನೀರು, ಹೊಲಕ್ಕೆ ನೀರು, ತಿರುಗುವ ಯಂತ್ರ. ಆದ್ದರಿಂದ ಎಷ್ಟು ಮನೆಗಳು, ಎಷ್ಟು ಪಂಪ್‌ಸೆಟ್‌ಗಳು, ಯಾವ ಕೈಗಾರಿಕೆಗಳು ಎಂದು ಅಂತಿಮ ಬಳಕೆಯನ್ನು ಮೊದಲು ಎಣಿಸಿದರು. ಎಲ್ಲ ಮನೆಗಳಿಗೂ ವಿದ್ಯುತ್ತು ತಲುಪಬೇಕು ಎಂಬುದನ್ನು ಲೆಕ್ಕದೊಳಗೇ ಸೇರಿಸಿದರು. ಆ ಬಳಿಕ ಪ್ರತಿ ಸೇವೆಯನ್ನೂ ಕಡಿಮೆ ವೆಚ್ಚದಲ್ಲಿ ಒದಗಿಸುವ ದಾರಿ ಯಾವುದು ಎಂದು ಕೇಳಿದರು. ಬುರುಡೆ ಬಲ್ಬಿನ ಜಾಗಕ್ಕೆ ಸಿಎಫ್‌ಎಲ್, ಹೆಚ್ಚು ದಕ್ಷತೆಯ ಪಂಪ್‌ಸೆಟ್, ಗೀಸರಿನ ಜಾಗಕ್ಕೆ ಸೌರ ಜಲತಾಪಕ, ವಿದ್ಯುತ್ ಒಲೆಯ ಜಾಗಕ್ಕೆ ಅಡುಗೆ ಅನಿಲ, ಸಕ್ಕರೆ ಕಾರ್ಖಾನೆಗಳಲ್ಲಿ ಸಹವಿದ್ಯುತ್ ಉತ್ಪಾದನೆ – ಇವನ್ನೆಲ್ಲ ಯೂನಿಟ್ ಒಂದರ ವೆಚ್ಚದ ಏರಿಕೆಯ ಕ್ರಮದಲ್ಲಿ ಜೋಡಿಸಿದರು. ದೊಡ್ಡ ಸ್ಥಾವರಗಳನ್ನು ಅವರು ಹೊರಗಿಡಲಿಲ್ಲ. ಆದರೆ ಅವೂ ಈ ಸಾಲಿನಲ್ಲಿ ತಮ್ಮ ಸರದಿಗೆ ಕಾಯಬೇಕಾಯಿತು. ಕೊನೆಗೆ ಬಂದ ಉತ್ತರ: ಸುಮಾರು 18,000 ದಶಲಕ್ಷ ಯೂನಿಟ್, ಸುಮಾರು 4,000 ಮೆಗಾವಾಟ್. ಸಮಿತಿಯ ಅಂದಾಜಿನಲ್ಲಿ ಶಕ್ತಿ ಶೇಕಡಾ 38, ಸಾಮರ್ಥ್ಯ ಶೇಕಡಾ 43.

ಈ ಇಳಿಕೆ ಜಾದುವಿನಂತೆ ಕಾಣಬಹುದು. ಒಂದು ಅಂಶವನ್ನು ನೀವೇ ಪರೀಕ್ಷಿಸಬಹುದು. ಒಂದು ಕುಟುಂಬ ದಿನಕ್ಕೆ 100 ಲೀಟರ್ ನೀರನ್ನು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡುತ್ತದೆ ಎನ್ನೋಣ. ನೀರಿನ ವಿಶಿಷ್ಟೋಷ್ಣ ಕಿಲೋಗ್ರಾಮಿಗೆ 4.19 ಕಿಲೋಜೂಲ್. 100 × 4.19 × 30, ಎಂದರೆ ಸುಮಾರು 12,570 ಕಿಲೋಜೂಲ್. 3,600 ಕಿಲೋಜೂಲಿಗೆ ಒಂದು ಯೂನಿಟ್ ಆದ್ದರಿಂದ ಇದು 3.5 ಯೂನಿಟ್, ತಿಂಗಳಿಗೆ 105. ಆ ದಿನಗಳಲ್ಲಿ ‘ಎ.ಇ.ಎಚ್.’ ಎಂದು ಕರೆಯುತ್ತಿದ್ದ, ದೀಪಕ್ಕೂ ಸ್ನಾನಕ್ಕೂ ಅಡುಗೆಗೂ ವಿದ್ಯುತ್ತನ್ನೇ ನೆಚ್ಚಿದ ಮನೆಗಳಲ್ಲಿ ಬಳಕೆಯ ದೊಡ್ಡ ಪಾಲು ಹೀಗೆ ಬಚ್ಚಲಿಗೇ ಹೋಗುತ್ತಿತ್ತು. ಅದೂ ಬೆಳಿಗ್ಗೆ ಆರರಿಂದ ಒಂಬತ್ತರ ನಡುವೆ, ಎಲ್ಲರಿಗೂ ಒಟ್ಟಿಗೇ. 2 ಕಿಲೋವಾಟ್‌ನ 50,000 ಗೀಸರುಗಳು ಏಕಕಾಲಕ್ಕೆ ಚಾಲೂ ಆದರೆ 100 ಮೆಗಾವಾಟ್ ಬೇಕು. ತಾರಸಿಯ ಜಲತಾಪಕ ಈ ಹೊರೆಯನ್ನು ಹಿಂದಿನ ಮಧ್ಯಾಹ್ನಕ್ಕೇ ಸರಿಸುತ್ತದೆ. ಅದರ ಹೊದಿಕೆಯ ತೊಟ್ಟಿಯೇ ಬ್ಯಾಟರಿ. ಈ ಸರಳ ಸಂಗತಿ ಯೋಜನಾ ಸಮಿತಿಯ ಕಣ್ಣಿಗೆ ಬೀಳದೇ ಹೋದದ್ದು ಹೇಗೆ ಎಂದು ನಾನು ಹಲವು ಸಲ ಅಚ್ಚರಿಪಟ್ಟಿದ್ದೇನೆ. ಬಹುಶಃ ವಿದ್ಯುತ್ತನ್ನು ಮೆಗಾವಾಟ್‌ಗಳಲ್ಲಿ ಮಾತ್ರ ನೋಡುವವರು ಬಚ್ಚಲುಮನೆಗೆ ಇಣುಕುವುದಿಲ್ಲ!

ಹಾಗಾದರೆ ರೆಡ್ಡಿಯವರ ಮಾತು ನಿಜವಾಯಿತೆ? ಅವರ ಅಭಿಮಾನಿಗಳು ಹೌದೆನ್ನುತ್ತಾರೆ. 2000ಕ್ಕೆ ಬೇಕೇಬೇಕು ಎಂದಿದ್ದ 9,400 ಮೆಗಾವಾಟ್ ಮಟ್ಟವನ್ನು ರಾಜ್ಯದ ಗರಿಷ್ಠ ಪೂರೈಕೆ ಮುಟ್ಟಿದ್ದು 2010ರ ದಶಕದಲ್ಲಿ ಎಂಬುದು ಅವರ ಆಧಾರ. ಇಲ್ಲಿ ನಾವು ಎಚ್ಚರದಿಂದಿರಬೇಕು. ಆ ವರ್ಷಗಳಲ್ಲಿ ಲೋಡ್ ಶೆಡ್ಡಿಂಗ್ ನಿತ್ಯದ ಮಾತಾಗಿತ್ತು. ಪೂರೈಕೆ ಕಡಿಮೆ ಇದ್ದುದರಿಂದ ಬಳಕೆಯೂ ಕಡಿಮೆಯಾಯಿತೋ, ಬೇಡಿಕೆಯೇ ಕಡಿಮೆ ಇತ್ತೋ ಎಂಬುದನ್ನು ಪೂರೈಕೆಯ ಅಂಕಿಯೊಂದರಿಂದಲೇ ಬೇರ್ಪಡಿಸಲಾಗದು. ಪ್ರಯೋಗದಲ್ಲಿ ಎರಡು ಚರಗಳು ಒಟ್ಟಿಗೆ ಬದಲಾದರೆ ಫಲಿತಾಂಶವನ್ನು ಒಂದಕ್ಕೇ ಆರೋಪಿಸಬಾರದೆಂದು ನಾವೇ ಪಾಠ ಹೇಳುತ್ತೇವಲ್ಲವೆ? ಸಮಿತಿಯ ಮುನ್ನಂದಾಜು ಉತ್ಪ್ರೇಕ್ಷಿತ ಎಂಬುದು ಖಚಿತ. ಡಿಫೆಂಡಸ್‌ನ ಸಂಖ್ಯೆ ಸರಿ ಎಂಬುದು ಅದರಿಂದ ಸಿದ್ಧವಾಗುವುದಿಲ್ಲ.

ಪ್ರಬಂಧದಲ್ಲಿ ಇನ್ನೂ ಎರಡು ಕೊರತೆಗಳಿವೆ. ನೀರಾವರಿ ಪಂಪ್‌ಸೆಟ್‌ಗಳಲ್ಲಿ ಬಹುಪಾಲಿಗೆ ಮೀಟರ್ ಇರಲಿಲ್ಲ. ಹಾಗಾಗಿ ರಾಜ್ಯದ ಅತಿ ದೊಡ್ಡ ಬಳಕೆಗಳಲ್ಲೊಂದು ಅಳತೆಯಲ್ಲ, ಅಂದಾಜು. ಎಷ್ಟೇ ಅಂದವಾದ ಲೆಕ್ಕವೂ ಈ ಮರಳಿನ ಮೇಲೆ ನಿಂತಿದೆ. ಎರಡನೆಯದು ಹೆಚ್ಚು ಗಂಭೀರ. ಯಾವುದು ಅಗ್ಗ ಎಂದು ಪ್ರಬಂಧ ತೋರಿಸುತ್ತದೆ. ಆ ಅಗ್ಗದ ದಾರಿಯನ್ನು ಬಿಟ್ಟು ದುಬಾರಿ ದಾರಿ ಹಿಡಿದವರನ್ನು ಯಾರು, ಎಲ್ಲಿ ಪ್ರಶ್ನಿಸಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆಗ ಅಂಥ ವೇದಿಕೆಯೇ ಇರಲಿಲ್ಲವಾದ್ದರಿಂದ ಲೇಖಕರನ್ನು ದೂರುವಂತಿಲ್ಲ. ವಿದ್ಯುತ್ ಮಂಡಳಿ ನಿರ್ಧರಿಸುತ್ತಿತ್ತು, ಬಳಕೆದಾರ ಕಟ್ಟುತ್ತಿದ್ದ.

ವೇದಿಕೆ ಬಂದದ್ದು ಅನಂತರ. 1999ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸ್ಥಾಪನೆಯಾಯಿತು. 2002ರಲ್ಲಿ ಬೆಸ್ಕಾಂ ಬಂತು. 2003ರ ವಿದ್ಯುಚ್ಛಕ್ತಿ ಕಾಯಿದೆಯ 64ನೆಯ ಪ್ರಕರಣದ ಪ್ರಕಾರ ದರದ ಅರ್ಜಿಯ ಸಾರಾಂಶವನ್ನು ಪ್ರಕಟಿಸಬೇಕು. ಆಯೋಗವು ಸಾರ್ವಜನಿಕರಿಂದ ಬಂದ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿ 120 ದಿನಗಳೊಳಗೆ ಆದೇಶ ನೀಡಬೇಕು. ಪತ್ರಿಕೆಯ ಒಳಪುಟದಲ್ಲಿ ಸಣ್ಣಕ್ಷರದಲ್ಲಿ ಬರುವ ಆ ಪ್ರಕಟಣೆಯನ್ನು ನೀವು ನೋಡಿರಬಹುದು, ನೋಡಿ ಪುಟ ತಿರುವಿರಲೂಬಹುದು.

ದರ ಆದೇಶಗಳಲ್ಲಿ ಒಂದು ಅಧ್ಯಾಯ ಈ ಆಕ್ಷೇಪಣೆಗಳಿಗೇ ಮೀಸಲು. ಮೊದಲು ಬಳಕೆದಾರರ ಮಾತು, ಆಮೇಲೆ ಕಂಪನಿಯ ಉತ್ತರ, ಕೊನೆಗೆ ಆಯೋಗದ ಅಭಿಪ್ರಾಯ. ನಾಟಕದ ಸಂಭಾಷಣೆಯಂತೆ ಓದಿಸಿಕೊಳ್ಳುವ ಈ ಅಧ್ಯಾಯವನ್ನು ಅಧ್ಯಾಪಕರೆಲ್ಲರೂ ಒಮ್ಮೆ ಓದಬೇಕು. ಆಕ್ಷೇಪಣೆ ಸಲ್ಲಿಸುವವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಅವುಗಳಲ್ಲಿ ಬಹಳಷ್ಟು ‘ದರ ಏರಿಸಬೇಡಿ’, ‘ಸೋರಿಕೆ ತಡೆಯಿರಿ’, ‘ಸೌರಶಕ್ತಿಗೆ ಉತ್ತೇಜನ ಕೊಡಿ’ ಎಂಬಲ್ಲಿಗೆ ನಿಲ್ಲುತ್ತವೆ. ಸಂಖ್ಯೆಯಿಲ್ಲದ ಪ್ರಶ್ನೆಗೆ ಸಂಖ್ಯೆಯಿಲ್ಲದ ಉತ್ತರ ಕೊಡುವುದು ಸುಲಭ: ಗಮನಿಸಲಾಗಿದೆ, ಕ್ರಮ ಕೈಗೊಳ್ಳಲಾಗುತ್ತಿದೆ. ರೆಡ್ಡಿಯವರು ಮಾಡಿದಂತೆ ಪರ್ಯಾಯದ ಯೂನಿಟ್ ವೆಚ್ಚ ಲೆಕ್ಕಹಾಕಿ, ‘ನಿಮ್ಮ ಪ್ರಸ್ತಾವಕ್ಕಿಂತ ಇದು ಅಗ್ಗ, ಇದನ್ನೇಕೆ ಮೊದಲು ಮಾಡಬಾರದು?’ ಎಂದು ಕೇಳುವ ಆಕ್ಷೇಪಣೆ ವಿರಳ. ವಿದ್ಯುತ್ ನೀತಿ ವಿಶ್ಲೇಷಕ ಶಂಕರ ಶರ್ಮಾ ಅವರಂಥ ಕೆಲವರು ಯೋಜನೆಗಳ ಲಾಭ–ವೆಚ್ಚಗಳನ್ನು ಪರ್ಯಾಯಗಳೊಡನೆ ತೂಗಿ ನೋಡಿ ಎಂದು ಪಟ್ಟು ಹಿಡಿದು ಬರೆಯುತ್ತ ಬಂದಿದ್ದಾರೆ. ಅಂಥವರು ಬೆರಳೆಣಿಕೆಯಷ್ಟು.

ಒಂದು ಉದಾಹರಣೆಯಿಂದ ವ್ಯತ್ಯಾಸ ಸ್ಪಷ್ಟವಾದೀತು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ, 2022–23ರ ಮಾಸಿಕ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ, 200 ಯೂನಿಟ್‌ಗಳ ಮಿತಿಯೊಳಗೆ, ಪ್ರತಿ ಮನೆಯ ಉಚಿತ ಪ್ರಮಾಣವನ್ನು ನಿಗದಿಪಡಿಸಲಾಯಿತು. ವಿಜಯನಗರದಲ್ಲಿ ಅಕ್ಕಪಕ್ಕದ ಎರಡು ಮನೆಗಳನ್ನು ಊಹಿಸಿಕೊಳ್ಳಿ. ಎರಡರಲ್ಲೂ ಜೀವನಕ್ರಮ ಒಂದೇ. ಮೊದಲನೆಯದರಲ್ಲಿ ಗೀಸರ್, ಸರಾಸರಿ 170 ಯೂನಿಟ್. ಎರಡನೆಯದರಲ್ಲಿ ಸ್ವಂತ ಹಣದಿಂದ ಹಾಕಿಸಿದ ಸೌರ ಜಲತಾಪಕ. ಮೋಡದ ದಿನಗಳನ್ನು ಕಳೆದು ತಿಂಗಳಿಗೆ 90 ಯೂನಿಟ್ ಉಳಿತಾಯ ಎಂದರೆ ಸರಾಸರಿ 80. ಮೊದಲ ಮನೆಗೆ 187 ಯೂನಿಟ್ ಉಚಿತ, ಎರಡನೆಯದಕ್ಕೆ 88. ಹತ್ತು ವರ್ಷ ಬಿಸಿಲಿನ ನೀರಿನಲ್ಲಿ ಸ್ನಾನ ಮಾಡಿದವರಿಗೆ ಸಿಕ್ಕ ಬಹುಮಾನ ಇದು! ಅವರ ಜಲತಾಪಕದ ಕೊಳವೆ ಒಡೆದು ಒಂದು ತಿಂಗಳು ಗೀಸರ್ ಹಾಕಿದರೆ, 88ರ ಮೇಲಿನ ಬಳಕೆಗೆಲ್ಲ ಹಣ ಕಟ್ಟಬೇಕು. ಬಡವರ ಮನೆಯ ದೀಪಕ್ಕೆ ನೆರವಾಗುವುದನ್ನು ನಾನು ಆಕ್ಷೇಪಿಸುತ್ತಿಲ್ಲ. ಹಿಂದಿನ ಬಳಕೆಯನ್ನೇ ಅರ್ಹತೆಯ ಅಳತೆಗೋಲಾಗಿಸುವ ವಿಧಾನ ಮಿತವ್ಯಯಿಗೆ ದಂಡ ಹಾಕುತ್ತದೆ ಎಂಬುದು ಆಕ್ಷೇಪ. ಇದನ್ನು ತೋರಿಸಲು ಎರಡು ಗುಣಾಕಾರ ಸಾಕು. ಹೈಸ್ಕೂಲಿನ ಹುಡುಗಿಯೂ ಬರೆದು ಕಳಿಸಬಹುದು.

ಸೌರಫಲಕಗಳ ವಿಷಯದಲ್ಲಿ ಪ್ರಚಾರಕರೂ ತಪ್ಪಿದ್ದಾರೆ. 2013ರ ಅಕ್ಟೋಬರ್‌ನಲ್ಲಿ ಆಯೋಗ ತಾರಸಿಯ ಸೌರವಿದ್ಯುತ್ತಿಗೆ, ಸಹಾಯಧನ ಪಡೆಯದಿದ್ದರೆ, ಯೂನಿಟ್‌ಗೆ 9 ರೂ. 56 ಪೈಸೆ ನಿಗದಿಪಡಿಸಿತು. ಫಲಕಗಳ ಬೆಲೆ ಇಳಿದಂತೆ ಈ ದರವೂ ಮುಂದಿನ ಆದೇಶಗಳಲ್ಲಿ ಇಳಿಯಿತು. ಈಗ ಕೇಂದ್ರದ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ಬೆಂಗಳೂರಿನ ಬಿಸಿಲಿನಲ್ಲಿ ಒಂದು ಕಿಲೋವಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. 3 ಕಿಲೋವಾಟ್ ತಿಂಗಳಿಗೆ ಸುಮಾರು 360. ಇಷ್ಟು ಹೇಳಿದರೆ ಪ್ರಾಮಾಣಿಕ ಪ್ರಚಾರ. ‘ಇನ್ನು ಪವರ್ ಕಟ್ ಚಿಂತೆಯಿಲ್ಲ’ ಎಂದರೆ ಸುಳ್ಳು. ಬ್ಯಾಟರಿಯಿಲ್ಲದೆ ಜಾಲಕ್ಕೆ ಜೋಡಿಸಿದ ಇನ್ವರ್ಟರ್, ಬೀದಿಯ ವಿದ್ಯುತ್ತು ಹೋದೊಡನೆ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ನ ಜೀವ ಉಳಿಯಲು ಹಾಗೆ ನಿಲ್ಲಲೇಬೇಕು. ಬೆಳಗಿನ ಸ್ನಾನದ ಹೊರೆಯನ್ನೂ ಸಂಜೆಯ ದೀಪದ ಹೊರೆಯನ್ನೂ ಫಲಕ ನೇರವಾಗಿ ಹೊರಲಾರದು. 200 ಯೂನಿಟ್‌ವರೆಗೆ ಬಿಲ್ಲು ಶೂನ್ಯವಾಗಬಲ್ಲ ಮನೆಗೆ ಫಲಕ ಹಾಕಿಸಲು ಹಣಕಾಸಿನ ಕಾರಣವೂ ಉಳಿದಿಲ್ಲ. ತಾರಸಿಗಳ ಮೇಲಿನ ಅಂತರಕ್ಕೆ ಉತ್ತರದ ಒಂದು ಭಾಗ ಇಲ್ಲಿದೆ. ಮಿಕ್ಕದ್ದು ನಿಯಮದ್ದು: ಜಲತಾಪಕಕ್ಕೆ ಹೊಸ ಮನೆಗಳಲ್ಲಿ ಕಡ್ಡಾಯದ ನಿಯಮವಿತ್ತು, ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯ ರಿಯಾಯಿತಿಯೂ ಬಹುಕಾಲ ಇತ್ತು.

ಇನ್ನು ಉತ್ತರದಾಯಿತ್ವದ ಅಳತೆ. ವಿದ್ಯುತ್ ಎಷ್ಟು ಗಂಟೆ ಇತ್ತು ಎಂಬುದನ್ನು 11 ಕಿಲೋವೋಲ್ಟ್ ಫೀಡರಿನ ಮಟ್ಟದಲ್ಲಿ ಲೆಕ್ಕಹಾಕಿದರೆ, ಅದರ ಕೆಳಗಿನ ಪರಿವರ್ತಕದ ಫ್ಯೂಸ್ ಹೋಗಿ ಒಂದು ಬೀದಿ ರಾತ್ರಿಯಿಡೀ ಕತ್ತಲಲ್ಲಿದ್ದರೂ ಫೀಡರ್ ‘ಚಾಲೂ’ ಎಂದೇ ದಾಖಲಾಗುತ್ತದೆ. ಹತ್ತು ಪರಿವರ್ತಕಗಳಲ್ಲಿ ಒಂದು 10 ಗಂಟೆ ನಿಂತರೆ ಆ ಬೀದಿಯವರ ಪಾಲಿಗೆ ಅದು 10 ಗಂಟೆ, ಫೀಡರಿನ ಲೆಕ್ಕದಲ್ಲಿ ಸೊನ್ನೆ. ಕಂಪನಿಯ ಅಂಕಿ ಸುಳ್ಳಲ್ಲ, ಆದರೆ ಅದು ಅಳೆದದ್ದು ನಿಮ್ಮ ಮನೆಯನ್ನಲ್ಲ.

ಆದ್ದರಿಂದ ಅಧ್ಯಾಪಕರಲ್ಲಿ ಒಂದು ವಿನಂತಿ. ಕೆಂಗೇರಿಯಿಂದ ರಾಜಾಜಿನಗರದವರೆಗೆ ನಿಮ್ಮ ತರಗತಿಯ ಮಕ್ಕಳು ಬೇರೆ ಬೇರೆ ಪರಿವರ್ತಕಗಳ ಕೆಳಗೆ ವಾಸಿಸುತ್ತಾರೆ. ಒಂದು ತಿಂಗಳು ಪ್ರತಿಯೊಬ್ಬರೂ ವಿದ್ಯುತ್ತು ಹೋದ ಮತ್ತು ಬಂದ ವೇಳೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ. ಮನೆಯ ಮೀಟರಿನಲ್ಲಿ ಮಿನುಗುವ ಸಣ್ಣ ದೀಪ ಎಷ್ಟು ಬಾರಿ ಮಿನುಗಿದರೆ ಒಂದು ಯೂನಿಟ್ ಎಂದು ಅದರ ಮುಖದ ಮೇಲೇ ಬರೆದಿರುತ್ತದೆ. ಗೀಸರ್ ಇರುವವರು, ಉಳಿದೆಲ್ಲ ಆರಿಸಿ, ಗೀಸರ್ ಒಂದನ್ನೇ ಹಾಕಿ ಐದು ನಿಮಿಷ ಎಣಿಸಲಿ, ಮೇಲಿನ 3.5 ಯೂನಿಟ್‌ನೊಡನೆ ಹೋಲಿಸಲಿ. ನಮ್ಮ ಮನೆಯಲ್ಲಿ ನಾನು ಎಣಿಸಿದಾಗ ತೊಟ್ಟಿಯ ಶಾಖನಷ್ಟವೂ ಸೇರಿ ಉತ್ತರ ತುಸು ಹೆಚ್ಚೇ ಬಂತು. ದಿನಾಂಕ, ಬೀದಿ, ಅಳತೆ ಬರೆದ ಈ ಪಟ್ಟಿಯನ್ನು ಮುಂದಿನ ದರ ಅರ್ಜಿಯ ಪ್ರಕಟಣೆ ಬಂದಾಗ ಆಕ್ಷೇಪಣೆಯ ಜೊತೆ ಲಗತ್ತಿಸಿ. ಕೊಟ್ಟ ಗಡುವು ಮೀರದಂತೆ ಪ್ರಕಟಣೆಯ ದಿನಾಂಕವನ್ನು ಮಾತ್ರ ಮೊದಲೇ ಗುರುತಿಸಿಟ್ಟುಕೊಳ್ಳಿ.