ನಾರದ ಎಲ್ಲಿ ನಿಂತಾನ, ನೋಡ್ರಿ

ಹುಡುಗಿಯರ ಕೂಡುಬಾಳನ್ನು ತೋರಿಸುವ ರಿಯಾಲಿಟಿ ಶೋಗಳು: ರಸಿಕರಿಗೊಂದು ಕೈಪಿಡಿ

2010ರ ಸುಮಾರು. ಧಾರವಾಡದ ಒಂದು ಲೇಡೀಸ್ ಹಾಸ್ಟೆಲಿನ ಟಿವಿ ಕೋಣೆ. ಟಿವಿ ಒಂದು, ಚಾಪೆ ಎರಡು, ಹುಡುಗಿಯರು ಮೂವತ್ತು. ಪೇಟೆಯ ಹುಡುಗಿಯರನ್ನು ಹಳ್ಳಿಮನೆಗೆ ತಂದಿಟ್ಟು ಕೆಲಸಕ್ಕೆ ಹಚ್ಚುವ ಬಗೆಯ ಶೋ ನಡೆದಿತ್ತು. ಒಬ್ಬಳು ತಲೆಯ ಮೇಲೆ ಕೊಡ ಇಟ್ಟುಕೊಂಡು ನಾಲ್ಕು ಹೆಜ್ಜೆ ನಡೆದಳು. ಕೊಡ ವಾಲಿತು, ಮೈಯೆಲ್ಲ ನೀರಾಯಿತು, ಅಳು ಬಂತು. ಹಿಂದಿನಿಂದ ಪೀಪಿ ಊದಿದಂಥ ತಮಾಷೆಯ ಸಂಗೀತ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಗೋಡೆಗೊರಗಿ ಶೇಂಗಾ ಸುಲಿಯುತ್ತಿದ್ದ ಎಂ.ಎ. ಓದುವ ಅಕ್ಕ ಮಾತ್ರ ನಗಲಿಲ್ಲ. “ಅಲ್ಲಾ, ಆಕೀಗೆ ಸಿಂಬಿ ಯಾಕ ಕೊಟ್ಟಿಲ್ಲ?” ಎಂದಳು.

ನಗು ಅರ್ಧಕ್ಕೇ ನಿಂತಿತು. ಬಾವಿಯಿಂದ ನೀರು ತಂದು ಬೆಳೆದವರೇ ನಮ್ಮಲ್ಲಿ ಬಹಳ ಮಂದಿ. ಹಳೆ ಸೀರೆಯ ತುಂಡು ಸುತ್ತಿ ಸಿಂಬಿ ಮಾಡಿಕೊಳ್ಳದೆ ನಮ್ಮವ್ವಂದಿರೂ ಕೊಡ ಹೊರುವುದಿಲ್ಲ. ಯಾವ ಊರ ಬಾವಿಕಟ್ಟೆಯಲ್ಲೂ ಹೆಂಗಸರು ಹೊಸಬಳನ್ನು ಬರಿದಲೆಯಲ್ಲಿ ಕಳಿಸುವುದಿಲ್ಲ. “ತಡಿ ತಂಗಿ” ಎಂದು ತಮ್ಮ ಸಿಂಬಿಯನ್ನೇ ಕೊಡುತ್ತಾರೆ. ಹಾಗಾದರೆ ಇಲ್ಲಿ ಸಿಂಬಿಯನ್ನು ತಡೆದು ಹಿಡಿದವರು ಯಾರು? ಈ ಕೈಪಿಡಿ ಆ ಅಕ್ಕನ ಪ್ರಶ್ನೆಯನ್ನೇ ಹಿಗ್ಗಿಸಿ ಬರೆದದ್ದು. ರಿಯಾಲಿಟಿ ಶೋ ಎಂದರೆ ಮೂಗು ಮುರಿಯುವವರಿಗೂ, ಬಾಯಿ ಬಿಟ್ಟುಕೊಂಡು ನೋಡುವವರಿಗೂ ಇದು ಉಪಯೋಗಕ್ಕೆ ಬಂದೀತು.

ಈ ಪ್ರಕಾರದ ತವರುಮನೆ

ಒಂದೇ ಸೂರಿನಡಿ ಅಪರಿಚಿತರನ್ನು ಕೂಡಿಹಾಕಿ ಕ್ಯಾಮೆರಾ ಇಡುವ ಆಟವನ್ನು ಜನಪ್ರಿಯ ಮಾಡಿದ್ದು ಅಮೆರಿಕದ ಎಂಟಿವಿ. 1992ರಲ್ಲಿ ‘ದಿ ರಿಯಲ್ ವರ್ಲ್ಡ್’ ಎಂಬ ಹೆಸರಿನಲ್ಲಿ ಏಳು ಜನ ತರುಣ ತರುಣಿಯರನ್ನು ನ್ಯೂಯಾರ್ಕಿನ ಮನೆಯೊಂದರಲ್ಲಿ ಇರಿಸಿತು. ಹತ್ತು ವರ್ಷದ ಮೇಲೆ, 2002ರಲ್ಲಿ, ಅದೇ ವಾಹಿನಿ ‘ಸೊರಾರಿಟಿ ಲೈಫ್’ ಶುರುಮಾಡಿತು. ಸೊರಾರಿಟಿ ಎಂದರೆ ಅಲ್ಲಿನ ಕಾಲೇಜು ಹುಡುಗಿಯರ ಸಂಘ. ಸಾಮಾನ್ಯವಾಗಿ ಗ್ರೀಕ್ ಅಕ್ಷರಗಳ ಹೆಸರು, ಸಂಘಕ್ಕೊಂದು ಮನೆ, ಒಬ್ಬರಿಗೊಬ್ಬರು ‘ಸಿಸ್ಟರ್’. ಸೇರಬೇಕೆಂದರೆ ಒಳಗಿರುವ ಅಕ್ಕಂದಿರು ಮೆಚ್ಚಬೇಕು. ಆ ಆಯ್ಕೆಯ ದಿನಗಳಿಗೆ ‘ರಶ್’ ಎನ್ನುತ್ತಾರೆ. ಯಾರು ಒಳಗೆ, ಯಾರು ಹೊರಗೆ ಎಂಬ ಕುತೂಹಲ ತಾನಾಗಿಯೇ ಸಿದ್ಧವಿರುವುದರಿಂದ ಟಿವಿಯವರಿಗೆ ಇದು ಕಟ್ಟಿಟ್ಟ ಬುತ್ತಿ. ಮೊದಲ ಸರಣಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಆವರಣದ ಹುಡುಗಿಯರದು. 2014ರಲ್ಲಿ ವಿಎಚ್1 ವಾಹಿನಿ ‘ಸೊರಾರಿಟಿ ಸಿಸ್ಟರ್ಸ್’ ತಂದಾಗ ಕಪ್ಪು ಮಹಿಳೆಯರ ಹಳೆಯ, ಗೌರವದ ಸಂಘಗಳ ಸದಸ್ಯೆಯರೇ ಸಿಡಿದೆದ್ದರು: ನಮ್ಮ ಸಮಾಜಸೇವೆ, ನಮ್ಮ ಓದು ಒಂದೂ ಕಾಣದೆ ಬರೀ ಜಗಳವೇ ಕಾಣುವುದೇಕೆ? ಜಾಹೀರಾತುದಾರರು ಹಿಂದೆ ಸರಿದರು. 2023ರಲ್ಲಿ ಅಲಬಾಮಾದ ರಶ್ ಕುರಿತು ‘ಬಾಮಾ ರಶ್’ ಎಂಬ ಸಾಕ್ಷ್ಯಚಿತ್ರವೂ ಬಂತು.

ನಮ್ಮ ಕಡೆ ಇಂಥ ಸಂಘವಿಲ್ಲ. ಸರಕಾರದ ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯಕ್ಕೆ ಸೇರಲು ಯಾವ ಅಕ್ಕನ ಮೆಚ್ಚುಗೆಯೂ ಬೇಡ. ಅಂಕಪಟ್ಟಿ ಬೇಕು, ಜಾತಿ-ಆದಾಯದ ಪ್ರಮಾಣಪತ್ರ ಬೇಕು. ಧಾರವಾಡದ ಸಪ್ತಾಪುರದಲ್ಲಿ ಕೆಎಎಸ್, ಪಿಎಸ್ಐ ಪರೀಕ್ಷೆಗೆ ಓದುವವರ ಪಿಜಿಗಾದರೆ ಅಡ್ವಾನ್ಸ್ ಕೊಟ್ಟರೆ ಮುಗಿಯಿತು. ಒಳಗೆ ಬಂದಮೇಲೆ ಜಮಖಂಡಿಯವಳು, ಹಾವೇರಿಯವಳು, ಶಿರಸಿಯವಳು ಒಂದೇ ಕೋಣೆಯಲ್ಲಿ ಹೊಂದಿಕೊಳ್ಳಲೇಬೇಕು. ಹೀಗೆ ‘ಯಾರು ಹೊರಗೆ’ ಎಂಬ ಪ್ರಶ್ನೆ ನಮ್ಮ ಬದುಕಿನಲ್ಲಿ ಸಿದ್ಧವಾಗಿ ಸಿಗದಿದ್ದರಿಂದ ಕನ್ನಡ ಟಿವಿ ಅದನ್ನು ಕೈಯಾರೆ ಕಟ್ಟಬೇಕಾಯಿತು. 2010ರಲ್ಲಿ ಸುವರ್ಣ ವಾಹಿನಿಯಲ್ಲಿ ಅಕುಲ್ ಬಾಲಾಜಿ ನಡೆಸಿಕೊಟ್ಟ ‘ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು’ ಪೇಟೆಯ ಹುಡುಗಿಯರನ್ನು ಹಳ್ಳಿಗಿಳಿಸಿತು. 2013ರ ಮಾರ್ಚ್‌ನಲ್ಲಿ ಈಟಿವಿ ಕನ್ನಡದಲ್ಲಿ ಸುದೀಪ್ ಸಾರಥ್ಯದ ‘ಬಿಗ್ ಬಾಸ್’ ಶುರುವಾಯಿತು. ಅದು ಗಂಡು-ಹೆಣ್ಣು ಕೂಡಿ ಇರುವ ಮನೆ. ಆದರೂ ಹೆಣ್ಣುಮಕ್ಕಳ ಸ್ನೇಹ, ಮುನಿಸು, ಅಡುಗೆಮನೆಯ ತಕರಾರು ಅಲ್ಲಿ ಬೇರೆಯದೇ ಒಂದು ಧಾರಾವಾಹಿ.

ಪಾಠ ಒಂದು: ನಾರದನನ್ನು ಹುಡುಕಿ

ನಮ್ಮ ಭಾಗದವರಿಗೆ ಈ ಆಟ ತಿಳಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ. ‘ಶ್ರೀಕೃಷ್ಣ ಪಾರಿಜಾತ’ ನೋಡಿದ್ದರೆ ಸಾಕು. ಕುಲಗೋಡ ತಮ್ಮಣ್ಣ ಹೆಸರು ತಂದ, ಕೌಜಲಗಿ ನಿಂಗಮ್ಮ ಬಾಳೆಲ್ಲ ಆಡಿದ ಸಣ್ಣಾಟ ಅದು. ಒಂದೇ ಒಂದು ಹೂವು. ಅದು ರುಕ್ಮಿಣಿಗೆ ಸಿಕ್ಕಿತು, ಸತ್ಯಭಾಮೆ ಕೋಪದ ಕೋಣೆ ಸೇರಿದಳು. ರಾತ್ರಿಯಿಡೀ ಆ ಮುನಿಸಿನ ಸೊಗಸು. ಆದರೆ ಬಯಲಲ್ಲಿ ಕೂತ ಮುದುಕಿಗೂ ಗೊತ್ತು, ಜಗಳ ತಂದವರು ಇವರಿಬ್ಬರೂ ಅಲ್ಲ, ಹೂವು ತಂದ ನಾರದ. ಅವನು ತಂಬೂರಿ ಹಿಡಿದು ಕಣ್ಣೆದುರೇ ನಿಂತಿರುತ್ತಾನೆ. ಅದಕ್ಕೇ ಜನ ಸತ್ಯಭಾಮೆಯನ್ನು ಬೈಯುವುದಿಲ್ಲ, ಸವಿಯುತ್ತಾರೆ.

ರಿಯಾಲಿಟಿ ಶೋದಲ್ಲಿ ನಾರದ ತೆರೆಯ ಹಿಂದೆ ನಿಂತಿದ್ದಾನೆ. ವ್ಯತ್ಯಾಸ ಇಷ್ಟೇ, ಆದರೆ ಇಷ್ಟರಿಂದಲೇ ಎಲ್ಲವೂ ಬದಲಾಗುತ್ತದೆ. ನಾಮಿನೇಷನ್ ದಿನವನ್ನೇ ನೋಡಿ. ಮನೆಯಿಂದ ಯಾರು ಹೋಗಬೇಕು ಎಂದು ಒಬ್ಬೊಬ್ಬರೂ ಹೆಸರು ಹೇಳಬೇಕು. ಹೆಸರಷ್ಟೇ ಸಾಲದು, ಕಾರಣ ಕೊಡಬೇಕು. ನಿನ್ನೆ ತಲೆ ಬಾಚಿಕೊಟ್ಟವಳ ಮೇಲೆ ಇವತ್ತು ಏನು ಕಾರಣ ಹುಡುಕುವುದು? “ಆಕೆ ಅಡುಗೆಮನೆಯಲ್ಲಿ ಯಜಮಾನಿಕೆ ಮಾಡ್ತಾಳೆ” ಎನ್ನುವ ಸಣ್ಣ ಮಾತೇ ಸಿಗುತ್ತದೆ. ಅದು ಅವಳ ಕಿವಿಗೆ ಬೀಳುತ್ತದೆ. ಸಂಜೆಗೆ ಜಗಳ. ಮರುದಿನ ಜಗಲಿಕಟ್ಟೆಯಲ್ಲಿ ತೀರ್ಪು: “ಹೆಣ್ಣಿಗೆ ಹೆಣ್ಣೇ ಶತ್ರು, ಸುಳ್ಳೇನ್ರಿ?” ಸುಳ್ಳೇ. ಇಬ್ಬರ ನಡುವೆ ಒಂದೇ ಹೂವು ಇಟ್ಟ ನಿಯಮವನ್ನು ನಾವು ಕಾಣಲಿಲ್ಲ, ಅಷ್ಟೇ.

ಹಾಸಿಗೆ ಹತ್ತು, ಜನ ಹನ್ನೆರಡು. ಅರ್ಧ ಮನೆಗೆ ಪಕ್ವಾನ್ನ, ಅರ್ಧ ಮನೆಗೆ ಗಂಜಿ. ಇಂಥದ್ದು ಕಂಡಾಗಲೆಲ್ಲ ನಾರದ ಬಂದ ಎಂದು ತಿಳಿಯಿರಿ. 2024ರ ಬಿಗ್ ಬಾಸ್ ಹನ್ನೊಂದನೇ ಆವೃತ್ತಿಯಲ್ಲಿ ಮನೆಯನ್ನೇ ಸ್ವರ್ಗ, ನರಕ ಎಂದು ಸೀಳಿದ್ದರು. ನರಕದಲ್ಲಿದ್ದವರ ಊಟ, ಶೌಚಾಲಯದ ಖಾಸಗಿತನದ ಮಾತು ರಾಜ್ಯ ಮಹಿಳಾ ಆಯೋಗದವರೆಗೂ ಹೋಯಿತು. ಆ ಸಲ ನಾರದ ತೆರೆಯಿಂದಾಚೆ ತುಸು ಹೆಚ್ಚೇ ಇಣುಕಿದ್ದ.

ಪಾಠ ಎರಡು: ಆಲಾಪ ಎಲ್ಲಿ ಹೋಯಿತು?

ಹುಬ್ಬಳ್ಳಿಯ ಪಕ್ಕದ ಕುಂದಗೋಳ ಸವಾಯಿ ಗಂಧರ್ವರ ಊರು. ಅಲ್ಲಿ ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ಕೂತು ಗಾಯನ ಕೇಳಿದವರಿಗೆ ಒಂದು ವಿಷಯ ಗೊತ್ತು: ತಾನ್ ಮೈ ಜುಮ್ಮೆನಿಸುವುದು ಅದಕ್ಕೆ ಮೊದಲು ಮುಕ್ಕಾಲು ತಾಸು ನಿಧಾನಕ್ಕೆ ಆಲಾಪ ಮಾಡುತ್ತ ಬಡಾ ಖ್ಯಾಲ್ ಬೆಳೆದಿರುವುದರಿಂದ. ಬರೀ ತಾನುಗಳನ್ನು ಕತ್ತರಿಸಿ ಜೋಡಿಸಿದರೆ ಅದು ರಾಗವಲ್ಲ, ಸದ್ದು.

ಶೋದ ಸಂಕಲನಕಾರ ಮಾಡುವುದು ಅದನ್ನೇ. ಹತ್ತಾರು ಕ್ಯಾಮೆರಾಗಳು ದಿನದ 24 ತಾಸು ಹಿಡಿದದ್ದು ರಾತ್ರಿ ಒಂದೊಂದೂವರೆ ತಾಸಿಗೆ ಇಳಿಯುತ್ತದೆ, ಅದರಲ್ಲೂ ಜಾಹೀರಾತು. ಸುಮ್ಮನೆ ಕೂತದ್ದು, ಕಾಳು ಆರಿಸಿದ್ದು, ಒಬ್ಬಳ ಕಾಲು ಇನ್ನೊಬ್ಬಳು ಒತ್ತಿದ್ದು, ಅರ್ಥವಿಲ್ಲದೆ ನಕ್ಕದ್ದು, ಇವೆಲ್ಲ ಆಲಾಪ. ಮೊದಲು ಕತ್ತರಿ ಬೀಳುವುದು ಇದಕ್ಕೇ. ಹಾಸ್ಟೆಲಿನಲ್ಲಿ ನಾವು ಹುಡುಗಿಯೊಬ್ಬಳ ಚೀರಾಟ ನೋಡಿ “ಯವ್ವಾ, ಏನ್ ಬಾಯಿ ಈಕೀದು!” ಎಂದರೆ ಅಕ್ಕ ಹೇಳುತ್ತಿದ್ದಳು: “ಅದಕ್ಕಿಂತ ಮೊದ್ಲ ಏನಾತು ಅನ್ನೂದು ತೋರ್ಸೇ ಇಲ್ಲಲಾ.”

ಕತ್ತರಿ ಬಿದ್ದ ಗುರುತು ಹಿಡಿಯುವುದು ಕಷ್ಟವಲ್ಲ. ಮಾತು ಕೇಳಿಸುತ್ತದೆ, ಆಡುವವಳ ಮುಖ ಕಾಣುವುದಿಲ್ಲ, ಕೇಳುವವಳ ಮುಖವೇ ಕಾಣುತ್ತದೆ. ಆ ಮಾತು ಬೇರೆ ಹೊತ್ತಿನದಿರಬಹುದು. ಒಬ್ಬಳು ಹುಬ್ಬು ಗಂಟಿಕ್ಕಿದ ನೋಟ ಬಂತೆನ್ನಿ, ಅವಳು ಆ ಕ್ಷಣ ನೋಡುತ್ತಿದ್ದುದು ಗೋಡೆಯ ಹಲ್ಲಿಯನ್ನೋ ಏನೋ. ಒಂದೇ ಜಗಳದ ನಡುವೆ ಜಡೆ ಬಿಚ್ಚಿ ತುರುಬಾದರೆ, ಗಾಜಿನ ಲೋಟದ ಚಹಾ ಕಡಿಮೆಯಾಗುವ ಬದಲು ತುಂಬಿದರೆ, ನಡುವೆ ಒಂದು ಹೊತ್ತು ಮಾಯವಾಗಿದೆ. ಸಂಗೀತದ ಮೇಲಂತೂ ಕಣ್ಣಲ್ಲ, ಕಿವಿಯಿಡಿ. ಢಮ್ಮನೆ ತಮಟೆ ಬಡಿದರೆ ಕೋಪಗೊಳ್ಳಿ ಎಂದು ನಮಗೆ ಅಪ್ಪಣೆಯಾಯಿತು. ಪೀಪಿ ಊದಿದರೆ ನಗಬೇಕು.

ಪಾಠ ಮೂರು: ಒಂಟಿ ಕುರ್ಚಿ

ಎಲ್ಲರೂ ಕೂಡಿ ಬಾಳುವ ಕಥೆಯಲ್ಲಿ ಒಬ್ಬೊಬ್ಬಳನ್ನೇ ಕೋಣೆಗೆ ಕರೆದು, ಕುರ್ಚಿಯ ಮೇಲೆ ಕೂಡಿಸಿ, ಉಳಿದವರ ಬಗ್ಗೆ ಮಾತಾಡಿಸುವ ಪದ್ಧತಿಯೊಂದಿದೆ. ಹೊಸಬರು ಇದನ್ನು ಮನದಾಳದ ಮಾತು ಎಂದುಕೊಳ್ಳುತ್ತಾರೆ. ರಸಿಕರು ಉತ್ತರದಿಂದ ಪ್ರಶ್ನೆಯನ್ನು ಊಹಿಸಬೇಕು. “ನನಗೆ ಆಕೆಯ ಮೇಲೆ ಸಿಟ್ಟೇನಿಲ್ಲ, ಆದರೆ...” ಎಂದು ಹುಡುಗಿ ಶುರುಮಾಡಿದರೆ, “ಸಿಟ್ಟು ಬಂದಿಲ್ವಾ?” ಎಂದು ಯಾರೋ ಕೇಳಿರಬೇಕು. ‘ಆದರೆ’ಯ ಮೊದಲಿನದು ಅವಳ ಮಾತು, ಆಮೇಲಿನದರಲ್ಲಿ ಕೇಳಿದವರ ಪಾಲೂ ಇರಬಹುದು.

ಪಾಠ ನಾಲ್ಕು: ಯಾರ ಕನ್ನಡಕ್ಕೆ ಯಾವ ಪಾತ್ರ?

ನಮ್ಮ ಹುಡುಗಿಯರು ಬೆಂಗಳೂರಿನ ಸ್ಟುಡಿಯೋಗಳಿಗೆ ಹೋದಾಗ ಇದನ್ನು ವಿಶೇಷವಾಗಿ ಗಮನಿಸಬೇಕು. “ಹಂಗ್ಯಾಕ ಮಾಡ್ತಿ?” ಎಂದೊಡನೆ ಪಾತ್ರ ನಿಗದಿಯಾಗಿಬಿಡುತ್ತದೆ: ಜೋರುಬಾಯಿಯ ಗಟ್ಟಿಗಿತ್ತಿ, ಇಲ್ಲವೇ ಏನೂ ಅರಿಯದ ಮುಗ್ಧೆ. ಧಾರವಾಡದಲ್ಲಿ ಇದೇ ಮಾತಿನಲ್ಲಿ ವಿಶ್ವವಿದ್ಯಾಲಯದ ಪಾಠ ನಡೆಯುತ್ತದೆ, ಕೋರ್ಟಿನಲ್ಲಿ ವಾದ ನಡೆಯುತ್ತದೆ, ಸಂತೆಯಲ್ಲಿ ಚೌಕಾಸಿ ನಡೆಯುತ್ತದೆ. ನಮ್ಮಲ್ಲಿ ಗೆಳತಿಯನ್ನು ಬೈಯುವ ಧಾಟಿಯೇ ಪ್ರೀತಿಯದು. “ಸಾಯ್ಲಿ ಬಿಡು, ಉಣ್ಣು ಬಾ” ಎಂದರೆ ಸಮಾಧಾನ ಮಾಡಿದ ಹಾಗೆ. ಆ ಮಾತಿನ ಮೊದಲರ್ಧಕ್ಕೆ ತಮಟೆ ಬಡಿದು ಎರಡನೆಯ ಅರ್ಧಕ್ಕೆ ಕತ್ತರಿ ಹಾಕಿದರೆ ಸಮಾಧಾನವೇ ಶಾಪವಾಗಿ ಕೇಳುತ್ತದೆ. ಕಿವಿ ನಮ್ಮದಾದ್ದರಿಂದ ಈ ತಪ್ಪನ್ನು ಬೇರೆಯವರಿಗಿಂತ ಮೊದಲು ನಾವೇ ಹಿಡಿಯಬೇಕು.

ಗೆಲುವಿನ ಲೆಕ್ಕವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಬಿಗ್ ಬಾಸ್ ಕನ್ನಡದ ಮೊದಲ ಹನ್ನೊಂದು ಆವೃತ್ತಿಗಳಲ್ಲಿ ಗೆದ್ದ ಮಹಿಳೆ ಒಬ್ಬರೇ, ಮೂರನೆಯದರಲ್ಲಿ ನಟಿ ಶ್ರುತಿ. ಕಥೆಗೆ ಬೇಕಾದ ಜಗಳವನ್ನು ಹೆಣ್ಣುಮಕ್ಕಳು ವಾರವಾರವೂ ಒದಗಿಸಿದರು. ಕಪ್ ಮಾತ್ರ ಮತ್ತೆ ಅವರ ಕೈಗೆ ಬರಲಿಲ್ಲ.

ಪಾಠ ಐದು: ಕ್ಯಾಮೆರಾ ಕಾಯದ ಹೊತ್ತು

ಹುಬ್ಬಳ್ಳಿ-ಧಾರವಾಡದಲ್ಲಿ ಹಾಸ್ಟೆಲಿನ ಪಂಚಾಂಗ ನಡೆಯುವುದು ನೀರು ಬಿಡುವ ದಿನದ ಮೇಲೆ. ಕೆಲವು ವಾರ್ಡುಗಳಿಗೆ 24 ತಾಸಿನ ನೀರು ಬಂತು. ಉಳಿದವರು ಮಲಪ್ರಭೆಯ ನೀರಿಗೆ ದಿನಗಟ್ಟಲೆ ಕಾದೇ ಇದ್ದರು. ನನ್ನ ಕೋಣೆಯ ಇಬ್ಬರು ಬಕೆಟ್ ಸಲುವಾಗಿ ಮಾತು ಬಿಟ್ಟಿದ್ದರು. ಒಬ್ಬಳ ಬಕೆಟನ್ನು ಇನ್ನೊಬ್ಬಳು ಸರಿಸಿ ತನ್ನದನ್ನು ನಲ್ಲಿಯ ಕೆಳಗಿಟ್ಟಳು ಎಂಬುದೇ ಕಾರಣ. ಟಿವಿಯವರಿದ್ದಿದ್ದರೆ ಆ ಸಂಜೆಯ ಬೈಗುಳಕ್ಕೆ ಇಡೀ ಕಂತು ಮೀಸಲಾಗುತ್ತಿತ್ತು. ಏಳನೆಯ ದಿನ ಮತ್ತೆ ನೀರು ಬಂತು, ನಸುಕಿನ ನಾಲ್ಕಕ್ಕೆ. ಬಕೆಟ್ ಕಳೆದುಕೊಂಡವಳಿಗೆ ಅವತ್ತು ಪರೀಕ್ಷೆ. ರಾತ್ರಿಯೆಲ್ಲ ಓದಿ ನಿದ್ದೆ ಹೋಗಿದ್ದಳು. ಎದ್ದು ನೋಡಿದರೆ ಎರಡು ಬಕೆಟ್ಟೂ ತುಂಬಿ ಬಾಗಿಲ ಪಕ್ಕ ಇದ್ದವು, ಮೇಲೆ ತಾಟು ಮುಚ್ಚಿತ್ತು. ತುಂಬಿಟ್ಟವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮಾತು ಅವತ್ತೂ ಬರಲಿಲ್ಲ. ನಾಲ್ಕು ದಿನ ಬಿಟ್ಟು ಬಂತು, ಅದೂ “ಉಪ್ಪಿನಕಾಯಿ ಐತೇನು?” ಎಂದು.

ಕ್ಯಾಮೆರಾ ಇಷ್ಟು ಹೊತ್ತು ಕಾಯುವುದಿಲ್ಲ. ಅದಕ್ಕೆ ಶನಿವಾರ ಪಂಚಾಯ್ತಿ ಬೇಕು, ಆಮೇಲೆ ಒಬ್ಬರ ಸೂಟ್‌ಕೇಸ್ ಬಾಗಿಲು ದಾಟಬೇಕು. ಹಾಸ್ಟೆಲಿನಲ್ಲಿ ಎಲಿಮಿನೇಷನ್ ಇಲ್ಲ. ಬೈದವಳ ಮಗ್ಗುಲಲ್ಲೇ ರಾತ್ರಿ ಮಲಗಬೇಕು, ಅವಳ ಗಡಿಯಾರದ ಗಂಟೆಗೇ ನಾವೂ ಏಳಬೇಕು. ಹೊರಗೆ ಹೋಗುವ ದಾರಿ ಇಲ್ಲದ್ದರಿಂದ ರಾಜಿಯ ನೂರು ದಾರಿ ಹುಟ್ಟುತ್ತವೆ. ಸೊರಾರಿಟಿಯ ಮನೆಯಲ್ಲೂ ವರ್ಷದ ಬಹುಪಾಲು ಹೀಗೇ ಕಳೆಯುತ್ತಿರಬೇಕು. ಟಿವಿಗೆ ಮಾತ್ರ ರಶ್ ಬೇಕು.

ಅಭ್ಯಾಸಕ್ಕೆ

ಇಷ್ಟಾದ ಮೇಲೆ ಶೋ ನೋಡಬೇಕೇ ಎಂದರೆ, ಧಾರಾಳವಾಗಿ ನೋಡಿ, ಒಬ್ಬರೇ ಅಲ್ಲ, ನಾಲ್ಕು ಜನ ಕೂಡಿ. ಪಾರಿಜಾತವನ್ನು ಯಾರೂ ಒಬ್ಬರೇ ಕೂತು ನೋಡಿದ್ದಿಲ್ಲ. ಪ್ರೇಕ್ಷಕರ ಮಾತೂ ಆಟದ ಪಾಲೇ. ಮೊದಲ ದಿನ ಹತ್ತು ನಿಮಿಷ ದನಿ ಪೂರ್ತಿ ಇಳಿಸಿ, ಮುಖ ಬಿಟ್ಟು ಕೈಗಳನ್ನು ನೋಡಿ. ಬೈಯುತ್ತಿರುವಾಗಲೇ ಒಬ್ಬಳ ಕೈ ಇನ್ನೊಬ್ಬಳ ತಾಟಿಗೆ ಪಲ್ಯ ಬಡಿಸುತ್ತಿರಬಹುದು. ನಾಲಿಗೆಗೆ ಆಟ ನೆನಪಿರುತ್ತದೆ, ಕೈಗೆ ರೂಢಿ ನೆನಪಿರುತ್ತದೆ. ಎರಡನೆಯ ದಿನ ಜಗಳದ ಮೂಲೆಯಲ್ಲಿ ಸುಮ್ಮನೆ ನಿಂತವಳನ್ನು ಹಿಂಬಾಲಿಸಿ. ಯಾರು ಯಾರಿಗೆ ಹತ್ತಿರ ಎಂಬುದು ಅವಳ ಕಣ್ಣಿನಲ್ಲಿರುತ್ತದೆ. ಮೂರನೆಯ ದಿನ, ಜಗಳ ಹತ್ತಿಕೊಂಡ ಕೂಡಲೇ ಯಾರು ಸರಿ ಎಂದು ಕೇಳುವ ಬದಲು ಹೂವು ಯಾವುದು, ತಂದವರು ಯಾರು ಎಂದು ಕೇಳಿ. ಅಷ್ಟರಲ್ಲಿ ಆ ಹುಡುಗಿಯರ ಮೇಲಿನ ಸಿಟ್ಟು ಇಳಿದು, ಆಟದ ಮೇಲೆ ಆಸಕ್ತಿ ಹುಟ್ಟಿದ್ದರೆ ನೀವು ರಸಿಕರಾದಿರಿ.

ಮತ್ತೊಮ್ಮೆ ಯಾವಳೋ ಕೊಡ ಚೆಲ್ಲಿಕೊಂಡು ಪೀಪಿ ಊದಿದಾಗ ನಗು ಬಂದರೆ ನಕ್ಕುಬಿಡಿ, ಪಾಪವೇನಿಲ್ಲ. ನಗುತ್ತಲೇ ಅವಳ ತಲೆಯ ಮೇಲೆ ನೋಡಿ, ಸಿಂಬಿ ಇದೆಯೇ ಎಂದು.